ಕೈಗಾ, ಪಾವಗಡ: ವಿದ್ಯುತ್ತನ್ನು ತೂಗುವ ಮೊದಲ ಪಾಠ

2023ರಲ್ಲಿ ಮುಂಗಾರು ಕೈಕೊಟ್ಟಿದ್ದು ನಿಮಗೆ ನೆನಪಿರಬಹುದು. ಜಲಾಶಯಗಳು ತುಂಬಲಿಲ್ಲ, ಜಲವಿದ್ಯುತ್ ಕುಗ್ಗಿತು. ಮಳೆಯಿಲ್ಲದ ಹೊಲಕ್ಕೆ ಪಂಪ್‌ಸೆಟ್ ಹೆಚ್ಚು ಓಡಬೇಕಾದ ಹೊತ್ತಿನಲ್ಲೇ ಲೋಡ್ ಶೆಡ್ಡಿಂಗ್ ಶುರುವಾಯಿತು. ಇಂಥ ಸಮಯದಲ್ಲಿ ನಮಗೆ ಅಣುವಿದ್ಯುತ್ ಬೇಕೋ, ಸೌರವಿದ್ಯುತ್ ಬೇಕೋ? ಅವಸರ ಬೇಡ, ಮೊದಲು ತಕ್ಕಡಿಯನ್ನೇ ಪರಿಚಯ ಮಾಡಿಕೊಳ್ಳೋಣ.

ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಒಂದು ಗಂಟೆ ಬಿಡದೆ ಕಾಯಿಸಿದರೆ ಒಂದು ಯೂನಿಟ್. ಅಂಥ ಸಾವಿರ ಪೆಟ್ಟಿಗೆಗಳನ್ನು ಒಟ್ಟಿಗೇ ಕಾಯಿಸುವ ಶಕ್ತಿ ಒಂದು ಮೆಗಾವ್ಯಾಟ್. ಒಂದು ಸ್ಥಾವರ ಪೂರ್ಣ ಬಲದಲ್ಲಿ ಕೊಡಬಲ್ಲ ಮೆಗಾವ್ಯಾಟ್‌ಗೆ ‘ಸ್ಥಾಪಿತ ಸಾಮರ್ಥ್ಯ’ ಎನ್ನುತ್ತಾರೆ. ಹೊಸಬರು ಎಡವುವುದು ಇಲ್ಲೇ. ಐದು ಎಚ್‌ಪಿ ಪಂಪು ಇದೆ ಎಂದ ಮಾತ್ರಕ್ಕೆ ತೋಟಕ್ಕೆ ಎಷ್ಟು ನೀರು ಹೋಯಿತೆಂದು ಗೊತ್ತಾಗುವುದಿಲ್ಲ. ಎಷ್ಟು ಗಂಟೆ ಓಡಿತು ಎಂದೂ ಕೇಳಬೇಕು.

ಈಗ ತೂಗಿ ನೋಡಿ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಕಾಳಿ ನದಿಯ ದಡದ ಕೈಗಾ ಅಣುಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಒಟ್ಟು 880. ಕಾಗದದ ಮೇಲೆ ಪಾವಗಡ ಎರಡು ಪಟ್ಟಿಗೂ ದೊಡ್ಡದು. ಆದರೆ ರಾತ್ರಿ, ಮೋಡ, ಇಳಿಬಿಸಿಲು ಎಲ್ಲ ಕಳೆದರೆ ಸೌರಫಲಕದ ಸರಾಸರಿ ದುಡಿಮೆ ಅದರ ಸಾಮರ್ಥ್ಯದ ಐದನೇ ಒಂದು ಪಾಲಿನ ಆಸುಪಾಸು. ಅಂದರೆ ದಿನಕ್ಕೆ ಸುಮಾರು ಒಂದು ಕೋಟಿ ಯೂನಿಟ್. ಕೈಗಾ ಪೂರ್ತಿ ಓಡಿದ ದಿನ ಎರಡು ಕೋಟಿ ದಾಟುತ್ತದೆ. (ಅದೆಲ್ಲ ನಮಗೇ ಸಿಗುವುದಿಲ್ಲ, ನೆರೆರಾಜ್ಯಗಳಿಗೂ ಪಾಲಿದೆ.) ಅಲ್ಲಿ ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ಶಾಖದಿಂದ ನೀರು ಕುದಿಸಿ, ಆ ಹಬೆಯಿಂದ ಟರ್ಬೈನ್, ಅಂದರೆ ಚಕ್ರ, ತಿರುಗಿಸುತ್ತಾರೆ. ಅದಕ್ಕೆ ಹಗಲು ರಾತ್ರಿಯ ಹಂಗಿಲ್ಲ. ಮೊದಲ ಘಟಕ 2018ರ ಕೊನೆಯ ದಿನ ನಿಂತಾಗ ಒಂದೇ ಸಮನೆ 962 ದಿನ ಓಡಿತ್ತು.

ಹಾಗಾದರೆ ಅಣುವೇ ಗೆದ್ದಿತೇ? ತಾಳಿ. ಬರ ಹೇಳಿ ಬರುವುದಿಲ್ಲ, ಸ್ಥಾವರವೋ ನಿಧಾನವಾಗಿ ಏಳುತ್ತದೆ. ಕೈಗಾದ ಐದು, ಆರನೇ ಘಟಕಗಳಿಗೆ 2017ರಲ್ಲೇ ಒಪ್ಪಿಗೆ ಸಿಕ್ಕಿತ್ತು. 2023ರ ಬರಕ್ಕೆ ಅವುಗಳಿಂದ ಒಂದು ಯೂನಿಟ್ಟೂ ಬರಲಿಲ್ಲ. ಪಾವಗಡದಲ್ಲಿ ರೈತರಿಂದ ಸುಮಾರು 13,000 ಎಕರೆ ಗುತ್ತಿಗೆಗೆ ಪಡೆದು, ಕೆಲವೇ ವರ್ಷಗಳಲ್ಲಿ, 2019ರ ಕೊನೆಯ ಹೊತ್ತಿಗೆ ಕೆಲಸ ಮುಗಿಸಿದ್ದರು. ಉರಿದ ಅಣು ಇಂಧನವನ್ನು ತಲೆಮಾರುಗಟ್ಟಲೆ ಕಾಯುವ ಹೊಣೆಯೂ ಅಲ್ಲಿಲ್ಲ.

ನನ್ನನ್ನು ಕೇಳಿದರೆ, ಇರುವ ಕೈಗಾ ಓಡಲಿ, ಹೊಸ ಹಣ ಮೊದಲು ಬಿಸಿಲಿಗೂ ಗಾಳಿಗೂ ಹೋಗಲಿ. ಹಗಲಿನ ಪಂಪ್‌ಸೆಟ್‌ಗೆ ಸೂರ್ಯನೇ ಸಾಕು. ತೊಡಕಿರುವುದು ದೀಪ ಹಚ್ಚುವ ಹೊತ್ತಿನಲ್ಲಿ.

ಒಂದು ಸಣ್ಣ ಕೆಲಸ ಕೊಡುತ್ತೇನೆ. ನಿಮ್ಮ ಮನೆಯ ಮೀಟರಿನಲ್ಲಿ ಮಿಟುಕುವ ಕೆಂಪು ದೀಪ ಇದೆಯಲ್ಲ, ಅದು ನಿಮಿಷಕ್ಕೆ ಎಷ್ಟು ಸಲ ಮಿಟುಕುತ್ತದೆ ಎಂದು ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಎಣಿಸಿ, ಎರಡನ್ನೂ ಬರೆದಿಟ್ಟುಕೊಳ್ಳಿ. ಹಗಲಿನ ಕರೆಂಟಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ, ಸಂಜೆ ಇಳಿಸಿ ವಿದ್ಯುತ್ ಮಾಡುವ ವಿಚಾರಕ್ಕೆ ಮುಂದಿನ ಪಾಠದಲ್ಲಿ ಆ ಎರಡು ಅಂಕಿಗಳು ಬೇಕಾಗುತ್ತವೆ.