ಕೊಡುವವರೆಗೆ ಕಾಯುವುದು

ದಿನದ ಚಿಂತನೆ

 

ಈ ವಾರ ನಾವು ಪಂಚಶೀಲದ ಎರಡನೆಯ ಶೀಲವನ್ನು ಓದುತ್ತಿದ್ದೇವೆ. "ಕಳ್ಳತನ ಮಾಡಬಾರದು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಶೀಲ ಇದು. ನಾವು ಯಾರೂ ಕಳ್ಳರಲ್ಲವಲ್ಲ, ಹಾಗಾಗಿ ಹೇಳಿ ಮುಂದಕ್ಕೆ ಹೋಗುತ್ತೇವೆ. ಆದರೆ ಪಾಲಿಯಲ್ಲಿ ಇರುವ ಪದ ಅದಿನ್ನಾದಾನ. ದಿನ್ನ ಎಂದರೆ ಕೊಟ್ಟದ್ದು, ಅದಿನ್ನ ಎಂದರೆ ಕೊಡದೆ ಇರುವುದು, ಆದಾನ ಎಂದರೆ ತೆಗೆದುಕೊಳ್ಳುವುದು. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿ, ಅಷ್ಟೇ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು. ಹೀಗೆ ಬಿಡಿಸಿದಾಗ ಈ ಶೀಲ ಜೇಬುಗಳ್ಳರಿಗೆ ಮಾತ್ರ ಹೇಳಿದ್ದಲ್ಲ ಎಂದು ಗೊತ್ತಾಗುತ್ತದೆ. ಇದಕ್ಕೆ ಇಂದು ಸ್ವಲ್ಪ ದೂರದ ಉದಾಹರಣೆ ತೆಗೆದುಕೊಳ್ಳೋಣ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ಪೂರ್ವಕ್ಕೆ, ಬೆಟ್ಟಗಳ ನಡುವೆ ಕ್ಲೀ ಎಲಂ ಎಂಬ ಸಣ್ಣ ಊರಿದೆ. ಅದರ ಹತ್ತಿರ ಚಿಂಪಾಂಜಿ ಸ್ಯಾಂಕ್ಚುಯರಿ ನಾರ್ತ್‌ವೆಸ್ಟ್ ಎಂಬ ಆಶ್ರಯಧಾಮ. 2008ರ ಜೂನ್ 13ರಂದು ಅಲ್ಲಿಗೆ ಏಳು ಚಿಂಪಾಂಜಿಗಳು ಬಂದವು. ಆ್ಯನಿ, ಫಾಕ್ಸಿ, ಜೇಮೀ, ಜೋಡಿ, ಮಿಸ್ಸಿ, ನೆಗ್ರಾ ಎಂಬ ಆರು ಹೆಣ್ಣು, ಬುರ್ರಿಟೊ ಎಂಬ ಒಂದು ಗಂಡು. ಚಿಂಪಾಂಜಿ ಮಂಗವಲ್ಲ, ಬಾಲವಿಲ್ಲದ ವಾನರ. ಜೀವಜಗತ್ತಿನಲ್ಲಿ ನಮಗೆ ಅತಿ ಹತ್ತಿರದ ನೆಂಟ. ಕನ್ನಡ ವ್ಯಾಕರಣ ಪ್ರಾಣಿಗಳನ್ನೆಲ್ಲ ನಪುಂಸಕಲಿಂಗಕ್ಕೆ ಹಾಕುತ್ತದೆ. ಆದರೆ ಇವರ ಕತೆ ತಿಳಿದ ಮೇಲೆ "ಅದು" ಎನ್ನಲು ನನ್ನ ಬಾಯಿ ಬರುವುದಿಲ್ಲ. ಇನ್ನು ಮುಂದೆ ಅವಳು, ಅವನು ಎಂದೇ ಬರೆಯುತ್ತೇನೆ.

ಅಲ್ಲಿಗೆ ಬರುವ ಮೊದಲು ಇವರು ಪೆನ್ಸಿಲ್ವೇನಿಯಾ ರಾಜ್ಯದ ಒಂದು ಕಂಪನಿಯ ಸ್ವತ್ತು. ಪ್ರಯೋಗಾಲಯಗಳಿಗೆ ಚಿಂಪಾಂಜಿಗಳನ್ನು ಬಾಡಿಗೆಗೆ ಕೊಡುವುದೇ ಆ ಕಂಪನಿಯ ವ್ಯವಹಾರ. ಕಿಟಕಿಯಿಲ್ಲದ ನೆಲಮಾಳಿಗೆಯ ಪಂಜರಗಳಲ್ಲಿ ಇವರ ವರ್ಷಗಳು ಕಳೆದವು. ಹೆಪಟೈಟಿಸ್ ಲಸಿಕೆಯ ಪ್ರಯೋಗಕ್ಕೆ ಇವರನ್ನು ಬಳಸಿದರು. ಹೆಣ್ಣುಗಳನ್ನು ಮರಿ ಹಾಕಿಸಲು ಬಳಸಿದರು, ಹುಟ್ಟಿದ ಮರಿಗಳನ್ನು ಎಳೆಯದರಲ್ಲೇ ತಾಯಿಯಿಂದ ಬೇರೆ ಮಾಡಿದರು. ನೆಗ್ರಾ ಆಫ್ರಿಕಾದ ಕಾಡಿನಲ್ಲಿ ಹುಟ್ಟಿದವಳು. ಮಗುವಾಗಿದ್ದಾಗಲೇ ಹಿಡಿದು ತಂದಿದ್ದರು.

ಗಮನಿಸಿ, ಅಲ್ಲಿ ಇವರನ್ನು ಯಾರೂ ಕೊಲ್ಲಲಿಲ್ಲ. ಊಟ ಕೊಟ್ಟರು, ಔಷಧಿ ಕೊಟ್ಟರು, ದಶಕಗಳ ಕಾಲ ಬದುಕಿಸಿದರು. ಮೊದಲ ಶೀಲವನ್ನು ಬರೀ "ಕೊಲ್ಲಬೇಡ" ಎಂದು ಓದುವವರಿಗೆ ಅಲ್ಲಿ ತಪ್ಪೇ ಕಾಣದಿರಬಹುದು. ಎರಡನೆಯ ಶೀಲವನ್ನು ಹಿಡಿದು ನೋಡಿ. ರಕ್ತ ಅವರು ಕೊಟ್ಟದ್ದಲ್ಲ, ತೆಗೆದುಕೊಂಡದ್ದು. ಮರಿಗಳು ಕೊಟ್ಟದ್ದಲ್ಲ. ಬೆಳಕು, ಮಣ್ಣು, ಜೊತೆಗಾರರು, ಒಂದು ಇಡೀ ಆಯಸ್ಸು, ಯಾವುದನ್ನೂ ಕೇಳಿ ಪಡೆದದ್ದಲ್ಲ.

ಇದು ಯಾರೋ ದೂರದವರ ಪಾಪ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮಕ್ಕಳಿಗೆ ಹೆರಿಗೆ ಆಸ್ಪತ್ರೆಯಲ್ಲಿ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆಯ ಚರಿತ್ರೆಯಲ್ಲಿ ಚಿಂಪಾಂಜಿಗಳ ದೇಹಗಳಿವೆ. ಲಸಿಕೆ ಬೇಡ ಎಂದು ಹೇಳುತ್ತಿಲ್ಲ. ಖಂಡಿತ ಹಾಕಿಸಿ, ತಪ್ಪಿಸಬೇಡಿ. ಸಾಲ ಯಾರದು ಎಂದು ಗೊತ್ತಿರಲಿ, ಅಷ್ಟೆ. ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಪ್ರಯೋಗಗಳಿಗೆ ಬೆಂಬಲ ನಿಲ್ಲಿಸುವುದಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಘೋಷಿಸಿದ್ದು 2015ರಲ್ಲಿ.

ಈಗ ಆಶ್ರಯಧಾಮದ ದಿನಚರಿ ನೋಡೋಣ. ಬಾಗಿಲು ತೆರೆದು ಬಿಟ್ಟರೆ ಬಿಡುಗಡೆ ಆಯಿತು ಎಂದುಕೊಳ್ಳುತ್ತೇವೆ. ಅದು ಒಂದು ದಿನದ ಕೆಲಸ. ಉಳಿದದ್ದು ಮೂವತ್ತು ವರ್ಷದ್ದು, ಯಾಕೆಂದರೆ ಚಿಂಪಾಂಜಿಗಳು ಮನುಷ್ಯರ ಆರೈಕೆಯಲ್ಲಿ ಐವತ್ತು, ಅರವತ್ತು ವರ್ಷ ಬದುಕಬಲ್ಲರು. ಕಾಡಿಗೆ ಬಿಡೋಣವೆಂದರೆ ಕಾಡಿನಲ್ಲಿ ಬದುಕುವುದನ್ನು ಕಲಿಯುವ ವಯಸ್ಸು ಪಂಜರದಲ್ಲೇ ಕಳೆದುಹೋಗಿದೆ.

ಬೆಳಗ್ಗೆ ಹಣ್ಣು ರುಬ್ಬಿದ ಸ್ಮೂದಿ, ಅದರಲ್ಲಿ ಅವರವರಿಗೆ ಬೇಕಾದ ವಿಟಮಿನ್ನು. ಆಮೇಲೆ ದಿನಕ್ಕೆ ಮೂರು ಹೊತ್ತು ಹಣ್ಣು, ತರಕಾರಿ, ಸೊಪ್ಪು. ಎಲ್ಲವನ್ನೂ ತಟ್ಟೆಯಲ್ಲಿ ಸುರಿದು ಕೊಡುವುದಿಲ್ಲ. ಕೆಲವನ್ನು ಹುಲ್ಲಿನಲ್ಲಿ ಅಡಗಿಸಿಡುತ್ತಾರೆ, ಕೆಲವನ್ನು ಕಡ್ಡಿ ಹಾಕಿ ಕೆದಕಿ ತೆಗೆಯಬೇಕಾದ ಕೊಳವೆಗಳಲ್ಲಿ ತುಂಬಿಡುತ್ತಾರೆ. ಕಾಡಿನ ಚಿಂಪಾಂಜಿ ದಿನದ ಬಹುಪಾಲನ್ನು ಆಹಾರ ಹುಡುಕುವುದರಲ್ಲಿ ಕಳೆಯುತ್ತದೆ; ಆ ಬುದ್ಧಿಗೆ ಕೆಲಸವಿಲ್ಲದಿದ್ದರೆ ಪಂಜರದಲ್ಲಿ ಕೂತು ತೂಗಾಡುವುದು, ತನ್ನ ಕೂದಲನ್ನು ತಾನೇ ಕೀಳುವುದು ಶುರುವಾಗುತ್ತದೆ. ಸಂಜೆಗೆ ಕಂಬಳಿಗಳು. ಕಾಡಿನಲ್ಲಿ ಚಿಂಪಾಂಜಿಗಳು ಪ್ರತಿ ರಾತ್ರಿ ಕೊಂಬೆ ಬಗ್ಗಿಸಿ ಹೊಸ ಗೂಡು ಕಟ್ಟಿ ಮಲಗುತ್ತವೆ. ಇಲ್ಲಿ ಕಂಬಳಿಗಳನ್ನು ಸುತ್ತಲೂ ಜೋಡಿಸಿ ಗೂಡು ಮಾಡಿಕೊಳ್ಳುತ್ತಾರೆ. ನೆಗ್ರಾಳಿಗಂತೂ ಕಂಬಳಿಯೆಂದರೆ ಪ್ರಾಣ, ಹಗಲಲ್ಲೂ ತಲೆಯ ಮೇಲೆ ಹೊದ್ದು ಕೂರುತ್ತಿದ್ದಳು. ಈ ಕಂಬಳಿಗಳ ಒಗೆತವೇ ಅಲ್ಲಿ ಒಂದು ದೊಡ್ಡ ಕೆಲಸ.

ಇನ್ನೊಂದು ದೊಡ್ಡ ಕೆಲಸ ಸಗಣಿ ಬಾಚುವುದು. ಹೌದು, ದಿನವೂ. ಗೋಡೆ, ನೆಲ, ಸರಳು ಎಲ್ಲವನ್ನೂ ಉಜ್ಜಿ ತೊಳೆಯಬೇಕು. ಸಿಟ್ಟು ಬಂದರೆ ಚಿಂಪಾಂಜಿಗಳು ಅದನ್ನೇ ಎತ್ತಿ ಎಸೆಯುವುದೂ ಉಂಟು. ಪದವಿ ಓದಿದವರು, ಸಂಬಳವಿಲ್ಲದೆ ಬರುವ ಸ್ವಯಂಸೇವಕರು ಕೈಗವಸು, ಮಾಸ್ಕ್ ಹಾಕಿ ಈ ಕೆಲಸ ಮಾಡುತ್ತಾರೆ. ಮಾಸ್ಕ್ ಚಿಂಪಾಂಜಿಗಳಿಗಾಗಿಯೂ ಹೌದು, ನಮ್ಮ ಸಾಮಾನ್ಯ ನೆಗಡಿ ಅವರಿಗೆ ತಗುಲಿದರೆ ಪ್ರಾಣಕ್ಕೇ ಕುತ್ತು.

ಇಲ್ಲಿಗೆ ಬಂದಾಗ ನಿಮ್ಮಲ್ಲಿ ಹಲವರಿಗೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ನಮ್ಮ ಜನ ಇವತ್ತಿಗೂ ಮ್ಯಾನ್‌ಹೋಲಿಗೆ ಇಳಿದು ಸಾಯುತ್ತಿದ್ದಾರೆ, ನೀವು ವಾನರನ ಕಂಬಳಿಯ ಮಾತಾಡುತ್ತೀರಲ್ಲ ಎಂದು. ನ್ಯಾಯವಾದ ಪ್ರಶ್ನೆ. ಮಹಾಡದ ಚವದಾರ್ ಕೆರೆಯಲ್ಲಿ ದನಕರು ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಬೇಕಾಯಿತು. ಪ್ರಾಣಿದಯೆಯ ಹೆಸರು ಹೇಳಿ ನಮ್ಮ ಅನ್ನದ ತಟ್ಟೆಗೆ ಕೈಹಾಕುವವರನ್ನೂ ನೋಡಿದ್ದೇವೆ. ಆದ್ದರಿಂದ ಯಾರಾದರೂ ಪ್ರಾಣಿಗಳ ಬಗ್ಗೆ ಕಣ್ಣೀರು ಹಾಕಿದರೆ ನಮಗೆ ಮೊದಲು ಬರುವುದು ಅನುಮಾನ. ಬರಲಿ, ತಪ್ಪಿಲ್ಲ.

ಆದರೂ ಆ ಸಗಣಿ ಬಾಚುವ ಕೆಲಸವನ್ನೇ ಇನ್ನೊಮ್ಮೆ ನೋಡಿ. ಮಲ ಬಾಚುವುದು ಕೀಳು ಕೆಲಸವಾಗಿದ್ದರೆ ಅಲ್ಲಿಯೂ ಕೀಳಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಆ ದುಡಿಮೆ ಕೊಟ್ಟದ್ದು. ತಾವಾಗಿ ಬಂದು, ಬೇಡವಾದ ದಿನ ಬಿಟ್ಟು ಹೋಗುವ ಸ್ವಾತಂತ್ರ್ಯ ಇಟ್ಟುಕೊಂಡು ಕೊಟ್ಟದ್ದು. ನಮ್ಮ ಅಜ್ಜ ಅಜ್ಜಿಯರಿಂದ ಊರು ಪಡೆದ ದುಡಿಮೆಗೆ ಕನ್ನಡದಲ್ಲಿ ಬಿಟ್ಟಿ ಎಂಬ ಹೆಸರೇ ಇದೆ. ಬಿಟ್ಟಿ ಚಾಕರಿ. ಅದು ಅದಿನ್ನ. ಹುಟ್ಟಿನ ಲೆಕ್ಕದಲ್ಲಿ ಕಿತ್ತುಕೊಂಡದ್ದು. ನಾನು ನಮ್ಮವರನ್ನು ಚಿಂಪಾಂಜಿಗಳಿಗೆ ಹೋಲಿಸುತ್ತಿಲ್ಲ, ಆ ಹೋಲಿಕೆ ಮಾಡಿದವರ ಬಾಯಿಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ನಾನು ಹೋಲಿಸುತ್ತಿರುವುದು ಕಿತ್ತುಕೊಳ್ಳುವವರ ಕೈಯನ್ನು. ಅದು ಎರಡೂ ಕಡೆ ಒಂದೇ ಕೈ. "ಬುದ್ಧ ಮತ್ತು ಅವನ ಧಮ್ಮ" ಗ್ರಂಥದಲ್ಲಿ ಬಾಬಾಸಾಹೇಬರು ಕರುಣೆಯನ್ನು ಮನುಷ್ಯರಿಗೆ ಸಂಬಂಧಿಸಿದ್ದೆಂದೂ ಮೈತ್ರಿಯನ್ನು ಎಲ್ಲ ಜೀವಿಗಳಿಗೆ ಚಾಚುವಂಥದ್ದೆಂದೂ ಬಿಡಿಸಿ, ಕರುಣೆಯಲ್ಲೇ ನಿಂತರೆ ಸಾಲದು ಎಂದರು. ನೋವು ತಿಂದ ಸಮುದಾಯಕ್ಕೆ ಅವರು ಹಾಗೆ ಹೇಳಿದರು ಎಂಬುದನ್ನು ಮರೆಯಬಾರದು.

ಜನರೋ ಪ್ರಾಣಿಯೋ ಎಂದು ಆರಿಸಲೇಬೇಕು ಎಂಬುದೂ ಯಾವಾಗಲೂ ನಿಜವಲ್ಲ. ಬೆಂಗಳೂರಿನ ಪಕ್ಕದ ಬನ್ನೇರುಘಟ್ಟದಲ್ಲಿ ಕರಡಿಗಳ ಪುನರ್ವಸತಿ ಕೇಂದ್ರವಿದೆ. ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳಲ್ಲಿ ಕೊನೆಯದು 2009ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಬಂತು. ಕರಡಿ ಕುಣಿಸುತ್ತಿದ್ದ ಕಲಂದರರು ಬಡವರು. ಬರೀ ಕರಡಿಯನ್ನು ಕಸಿದುಕೊಂಡು ಹೋಗಿದ್ದರೆ ಅವರ ಮನೆಯ ಒಲೆ ಆರುತ್ತಿತ್ತು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಆ ಕುಟುಂಬಗಳಿಗೆ ಬೇರೆ ಕಸುಬು ಹಿಡಿಯಲು, ಮಕ್ಕಳನ್ನು ಓದಿಸಲು ಸಹಾಯ ಮಾಡಿದರು.

ಕ್ಲೀ ಎಲಂಗೆ ಮರಳೋಣ. ಫಾಕ್ಸಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅವಳು ಹೆತ್ತ ಮರಿಗಳನ್ನೆಲ್ಲ ಕಿತ್ತುಕೊಂಡಿದ್ದರು. ಇಲ್ಲಿ ಅವಳಿಗೆ ಕೂದಲು ನೆಟ್ಟಗೆ ನಿಂತ ಪುಟ್ಟ ಟ್ರೋಲ್ ಗೊಂಬೆ ಸಿಕ್ಕಿತು. ಅದನ್ನು ಬಿಡಲೇ ಇಲ್ಲ. ಮುತ್ತಿಟ್ಟಳು, ಬೆನ್ನ ಮೇಲೆ ಹೊತ್ತು ತಿರುಗಿದಳು. ಆಮೇಲೆ ಡೋರಾ ಗೊಂಬೆಗಳೂ ಬಂದವು, ನಮ್ಮ ಮಕ್ಕಳು ಟಿ.ವಿ.ಯಲ್ಲಿ ನೋಡುವ ಅದೇ ಡೋರಾ. ಇದನ್ನು ಮಾತೃತ್ವ ಎಂದು ಕರೆಯಬೇಕೋ ಬೇಡವೋ, ಆ ಚರ್ಚೆ ವಿದ್ವಾಂಸರಿಗಿರಲಿ. ನೋಡಿಕೊಳ್ಳುವವರು ಮಾಡಿದ್ದು ಇಷ್ಟೆ: ಅವಳ ಗೊಂಬೆಯನ್ನು ಅವಳದೆಂದು ಒಪ್ಪಿಕೊಂಡರು.

ಜೇಮೀಯದು ಬೇರೆ ಸ್ವಭಾವ. ಯಜಮಾನಿಕೆಯವಳು. ಅವಳಿಗೆ ಕೌಬಾಯ್ ಬೂಟುಗಳೆಂದರೆ ಬಲು ಇಷ್ಟ. ತನ್ನನ್ನು ನೋಡಿಕೊಳ್ಳುವವರು ಯಾವ ಬೂಟು ಹಾಕಬೇಕೆಂದು ಅವಳೇ ತೋರಿಸುತ್ತಾಳೆ. ಅವರು ಹಾಕಿಕೊಂಡು ಬೇಲಿಯ ಹೊರಗೆ, ಅವಳು ಬೇಲಿಯ ಒಳಗೆ, ಇಬ್ಬರೂ ಗುಡ್ಡವನ್ನು ಸುತ್ತಬೇಕು. ಅಲ್ಲಿನ ಸಿಬ್ಬಂದಿಗೆ ಇದು ತಮಾಷೆಯಲ್ಲ, ಕೆಲಸದ ಭಾಗ. ಜೀವಮಾನವೆಲ್ಲ ಇನ್ನೊಬ್ಬರು ಹೇಳಿದಂತೆ ಇರಬೇಕಾಗಿದ್ದವಳು ಈಗ ಹೇಳುತ್ತಿದ್ದಾಳೆ, ಇನ್ನೊಬ್ಬರು ಕೇಳುತ್ತಿದ್ದಾರೆ.

ಆ ಗುಡ್ಡದ ಹೆಸರು ಯಂಗ್ಸ್ ಹಿಲ್. ಎರಡು ಎಕರೆ ಹುಲ್ಲುನೆಲ. 2011ರಲ್ಲಿ ಅದನ್ನು ತೆರೆದುಕೊಟ್ಟರು. ಅವರು ಬಾಗಿಲು ತೆರೆದಿಟ್ಟರು, ಯಾರನ್ನೂ ಹೊರಗೆ ದೂಡಲಿಲ್ಲ. ನೆತ್ತಿಯ ಮೇಲೆ ಸರಳುಗಳಿಲ್ಲದ ಆಕಾಶ ಅಷ್ಟು ವರ್ಷ ಕಾಣದವರಿಗೆ ಅದು ಭಯವೂ ಹೌದು. ಗುಡ್ಡಕ್ಕೂ ವಿದ್ಯುತ್ ಬೇಲಿ ಇದೆ. ಅಲ್ಲಿ ಹೊಸ ಮರಿ ಹುಟ್ಟಿಸುವುದಿಲ್ಲ, ಇನ್ನೊಂದು ಜೀವ ಬೇಲಿಯೊಳಗೆ ಹುಟ್ಟುವುದು ಬೇಡವೆಂದು. ಪೂರ್ತಿ ಬಿಡುಗಡೆ ಇದಲ್ಲ, ಕಾಡನ್ನು ಯಾರೂ ಹಿಂದಿರುಗಿಸಲಾರರು. ಆಶ್ರಯಧಾಮ ನಡೆಸುವವರೂ ಹಾಗೆ ಹೇಳಿಕೊಳ್ಳುವುದಿಲ್ಲ.

ಕೊನೆಗೆ ಸೂಜಿಯ ಮಾತು. ಪ್ರಯೋಗಾಲಯಗಳಲ್ಲಿ ಚಿಂಪಾಂಜಿಯ ರಕ್ತ ಅಥವಾ ಲಿವರಿನ ತುಣುಕು ಬೇಕಾದರೆ ಅರಿವಳಿಕೆಯ ಬಾಣ ಹೊಡೆದು ಕೆಡವುವುದು ರೂಢಿಯಾಗಿತ್ತು. ಆಶ್ರಯಧಾಮಗಳಲ್ಲಿಯೂ ಸೂಜಿ ಬೇಕಾಗುತ್ತದೆ, ವಯಸ್ಸಾದ ದೇಹಗಳಲ್ಲವೇ. ಪ್ರಾಣಾಪಾಯವಿದ್ದರೆ ಅರಿವಳಿಕೆ ಕೊಡಲೇಬೇಕಾಗುತ್ತದೆ. ಉಳಿದಂತೆ ನಡೆಯುವುದು ತಿಂಗಳುಗಟ್ಟಲೆಯ ಪಾಠ. ಭುಜವನ್ನು ಸರಳಿನ ಹತ್ತಿರ ತಂದರೆ ಒಂದು ದ್ರಾಕ್ಷಿ. ಬೆರಳು ತಾಗಿಸಲು ಬಿಟ್ಟರೆ ಇನ್ನೊಂದು. ಸೂಜಿಯಿಲ್ಲದ ಸಿರಿಂಜು ತಾಗಿಸಿದಾಗ ಕದಲದಿದ್ದರೆ ಮತ್ತೊಂದು. ಬೇಸರವಾದರೆ ಎದ್ದು ಹೋಗಬಹುದು, ಯಾರೂ ಗದರುವುದಿಲ್ಲ. ಆಮೇಲೆ ಒಂದು ದಿನ ನಿಜವಾದ ಸೂಜಿ ಬರುತ್ತದೆ. ಭುಜ ಕೊಟ್ಟರೆ ಚುಚ್ಚುತ್ತಾರೆ. ಕೊಡದಿದ್ದರೆ ಸಿರಿಂಜು ಡಬ್ಬಿಗೆ ವಾಪಸು, ನಾಳೆ ಮತ್ತೆ ಕೇಳುತ್ತಾರೆ.

ಜೈಭೀಮ್.