ಮುಂಬೈಗೆ ಹೊರಟ ಮಗುವಿಗೆ

ಕೆಲಸ ಸಿಕ್ಕಿ ಮುಂಬೈಗೆ ಹೊರಟಿದ್ದೀಯ, ಬಹಳ ಸಂತೋಷ. ಅಲ್ಲಿ ವರ್ಷಗಟ್ಟಲೆ ಬಾಳಿದವನಾಗಿ ಒಂದು ಮಾತು ಹೇಳುತ್ತೇನೆ. ಆ ಊರು ತಾನಾಗಿ ನಿನ್ನನ್ನು ಮಾತಾಡಿಸುವುದಿಲ್ಲ. ಆದರೆ ಬಾಯಿಬಿಟ್ಟು ಕೇಳಿದವರನ್ನು ಕೈಬಿಡುವುದೂ ಇಲ್ಲ. ನಮ್ಮ ಕಡೆ ಬಸ್ಸಿಳಿದರೆ ಸಾಕು, 'ಯಾರ ಮನೆಯವರು' ಎಂದು ನಾಲ್ಕು ಜನ ವಿಚಾರಿಸುತ್ತಾರೆ. ಅಲ್ಲಿ ಎದುರು ಮನೆಯವರಿಗೂ ಪುರುಸೊತ್ತಿಲ್ಲ. ಅದನ್ನು ತಾತ್ಸಾರವೆಂದು ತಿಳಿದು ಮನಸ್ಸು ಮುದುಡಿಕೊಳ್ಳಬೇಡ.

ಮನೆ ಹುಡುಕುವ ಮುಂಚೆ ಕಚೇರಿ ಲೋಕಲ್ ರೈಲಿನ ಯಾವ ಲೈನಿನಲ್ಲಿದೆ ನೋಡು: ವೆಸ್ಟರ್ನೋ, ಸೆಂಟ್ರಲ್ಲೋ, ಹಾರ್ಬರೋ. ಆದಷ್ಟೂ ಅದೇ ಲೈನಿನಲ್ಲಿ ಮನೆ ಹಿಡಿ. ಬಾಡಿಗೆ ಸ್ವಲ್ಪ ಕಡಿಮೆಯೆಂದು ಬೇರೆ ಲೈನಿಗೆ ಹೋದರೆ, ದಿನವೂ ದಾದರಿನಂಥ ಜಂಕ್ಷನ್ನಿನ ಸೇತುವೆ ಹತ್ತಿಳಿದು ಗಾಡಿ ಬದಲಿಸುವುದರಲ್ಲೇ ಜೀವ ಹಣ್ಣಾಗುತ್ತದೆ. ಮನೆ ಬಾಡಿಗೆಯ 'ಲೀವ್ ಆ್ಯಂಡ್ ಲೈಸೆನ್ಸ್' ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಮಹಾರಾಷ್ಟ್ರದಲ್ಲಿ ಅದು ನೋಂದಣಿಯಾಗಲೇಬೇಕು, ಬಾಯಿಮಾತಿನ ಮೇಲೆ ಡಿಪಾಸಿಟ್ ಕೊಡಬೇಡ. ನೀರು ಎಷ್ಟು ಹೊತ್ತು ಬರುತ್ತದೆ, ಮಳೆಗಾಲದಲ್ಲಿ ಗೋಡೆ ಒಸರುತ್ತದೆಯೇ ಎನ್ನುವುದನ್ನು ಕಟ್ಟಡದ ವಾಚ್‌ಮನ್ ಹತ್ತಿರ ಕೇಳು. ಅವನಿಗೆ ಗೊತ್ತಿರುತ್ತದೆ.

ಲೋಕಲ್ ರೈಲಿಗೆ ಹೆದರಬೇಡ, ಅದರ ರೀತಿ ಕಲಿ. ಫಾಸ್ಟ್ ಗಾಡಿ ಎಲ್ಲ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ. ಬೊರಿವಲಿಯಲ್ಲಿ ಇಳಿಯುವವರು ಸಂಜೆಯ ವಿರಾರ್ ಫಾಸ್ಟ್ ಹತ್ತದಿರುವುದೇ ಒಳ್ಳೆಯದು. ದೂರ ಹೋಗುವವರ ನೂಕುನುಗ್ಗಲಲ್ಲಿ ಬಾಗಿಲು ಮುಟ್ಟುವುದೇ ಕಷ್ಟ. ಚೀಲ ಎದೆಯ ಮೇಲಿರಲಿ. ನಿನ್ನ ನಿಲ್ದಾಣಕ್ಕೆ ಮೊದಲೇ ಮುಂದಿನವರನ್ನು 'ಅಂಧೇರಿ ಇಳಿಯುತ್ತೀರಾ?' ಎಂದು ಕೇಳು. ಹೌದೆಂದರೆ ಅವರ ಹಿಂದೆ ನಿಲ್ಲು, ಇಲ್ಲವೆಂದರೆ ಅವರೇ ಜಾಗ ಬಿಡುತ್ತಾರೆ. ಅಷ್ಟು ಗಿಜಿಗುಡುವ ಡಬ್ಬಿ ನಡೆಯುವುದು ಈ ಒಂದು ಪ್ರಶ್ನೆಯ ಮೇಲೆ. ಬಾಗಿಲಲ್ಲಿ ಮಾತ್ರ ಎಂದೂ ಜೋತಾಡಬೇಡ. ಆ ಗಾಡಿ ತಪ್ಪಿದರೆ ಇನ್ನೊಂದು ಬರುತ್ತದೆ.

ಮಳೆಯ ವಿಷಯದಲ್ಲಿ ಪೌರುಷ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಊರಿಗೆ ಊರೇ ನಿಂತಿತು. ಭಾರೀ ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ನೀರು ಹರಿದುಹೋಗಲು ದಾರಿಯಿರುವುದಿಲ್ಲ. ಅಂಥ ದಿನ ಉಬ್ಬರದ ಹೊತ್ತು ನೋಡಿಕೊಂಡೇ ಹೊರಡು. ಕಚೇರಿಯಲ್ಲೇ ರಾತ್ರಿ ಕಳೆಯಬೇಕಾದರೆ ಕಳೆ; ನಿಂತ ನೀರಿನಲ್ಲಿ ನಡೆಯಬೇಡ, ತೆರೆದ ಮ್ಯಾನ್‌ಹೋಲ್ ಕಣ್ಣಿಗೆ ಕಾಣುವುದಿಲ್ಲ.

ಮೊದಲ ವಾರದಿಂದಲೇ ಮರಾಠಿ ಕಲಿ. ತಪ್ಪುತಪ್ಪಾಗಿ ಮಾತಾಡಿದರೂ ತರಕಾರಿ ಮಾರುವ ಮಾವಶಿಯ ಮುಖ ಅರಳುತ್ತದೆ. ಕನ್ನಡಕ್ಕೂ ಅಲ್ಲಿ ನೆಲೆಯಿದೆ. ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ, 1942ರಿಂದ ಊಟ ಬಡಿಸುತ್ತಿರುವ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೇ ಇದೆ. ಭಾನುವಾರದ ಮಧ್ಯಾಹ್ನ ಕೋಣೆ ತಿನ್ನಲು ಬರುತ್ತದೆ. ಆಗ ಎದ್ದು ಮಾಟುಂಗಾಕ್ಕೆ ಹೋಗು. ಆದರೆ ನಮ್ಮವರ ನಡುವೆಯೇ ಉಳಿದುಬಿಡಬೇಡ. ಹಾಗಾದರೆ ಊರು ಬದಲಿಸಿದ್ದಕ್ಕೆ ಅರ್ಥವಿಲ್ಲ.

ಮೊದಲ ಮಳೆಗಾಲದಲ್ಲಿ, ಬಟ್ಟೆ ಒಣಗದೆ, ಜ್ವರ ಬಂದು ಒಬ್ಬನೇ ಮಲಗಿರುವಾಗ, 'ವಾಪಸು ಹೋಗಿಬಿಡಲೇ' ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸಿದೆ. ಆ ದಿನ ತೀರ್ಮಾನ ಮಾಡಬೇಡ. ಕರಾವಳಿಯಿಂದ ಬಂದು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಹುಡುಗರು ಅಲ್ಲಿ ಅದೆಷ್ಟೋ ಮಂದಿ. ಅವರಿಗೂ ಯಾರೋ ಒಬ್ಬರು ದಾರಿ ಹೇಳಿದ್ದರು, ಏಕೆಂದರೆ ಅವರು ಕೇಳಿದ್ದರು. ಸಂಕೋಚವನ್ನು ಇಲ್ಲೇ ಬಿಟ್ಟು ಹೋಗು. ಮುಂದಿನ ವರ್ಷ ನಿನ್ನನ್ನು ಕೇಳಲು ಇನ್ನೊಬ್ಬರು ಬರುತ್ತಾರೆ. ಅವರಿಗೆ ನಿನ್ನ ಒಂದು ಭಾನುವಾರ ಕೊಡು.