ಕೊನೆಗೆ ಕೈ ಹಾಕಿದ್ದು ಎಲ್ಲಿ?

ಮಗಾ,

ನಿನ್ನೆ ಸಾಯಂಕಾಲ ಕೆಂಗಲ್ ಆಂಜನೇಯಸ್ವಾಮಿ ಗುಡಿ ಹತ್ತಿರ ಕ್ಯಾಂಟರ್ ನಿಲ್ಲಿಸಿಕೊಂಡು ನೀನು ಫೋನ್ ಮಾಡಿದಾಗ, ಗಾಡಿಯ ಸದ್ದಿಗಿಂತ ಮೊದಲು ನಿನ್ನ ದನಿಯ ನಡುಕ ನನಗೆ ಕೇಳಿಸಿತು. “ದೊಡ್ಡಪ್ಪ, ನೋಜಲ್ ಬಿಚ್ಚಿ ಟೆಸ್ಟ್ ಮಾಡಿಸಿ ನಾನೇ ಕೂರಿಸಿದೆ. ಡೀಸೆಲ್ ಫಿಲ್ಟರೂ ಫ್ಯಾನ್ ಬೆಲ್ಟೂ ಹೊಸದು ಹಾಕಿದೆ. ಈಗ ಇಂಜಿನ್ನು ಎಂಥದೋ ಸದ್ದು ಮಾಡ್ತಾ ಇದೆ. ಕ್ರ್ಯಾಂಕೇ ಹೋಯ್ತಾ?” ಅಂದೆ. ಹಿಂದೆ ಬಾದಾಮಿ ಮಾವಿನ ಕ್ರೇಟುಗಳಿದ್ದವು, ಬೆಳಗಾಗುವುದರೊಳಗೆ ಮೈಸೂರು ಮುಟ್ಟಬೇಕಿತ್ತು. ನಾನು ಬಂದೆ, ಇಬ್ಬರೂ ಸೇರಿ ನೋಡಿದೆವು, ಗಾಡಿ ಹೊರಟಿತು. ಆದರೆ ರಸ್ತೆ ಬದಿಯ ಗಡಿಬಿಡಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಲಾಗಲಿಲ್ಲ. ಅದನ್ನು ಈಗ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೇ ಸಾಲ ಮಾಡಿ ಒಂದು ಗಾಡಿ ಇಟ್ಟುಕೊಂಡು, ತಾನೇ ಡ್ರೈವರು, ತಾನೇ ಮೆಕ್ಯಾನಿಕ್ಕು ಆಗಿರುವ ಹುಡುಗರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತ ಬೇಕಾದಷ್ಟಿದ್ದಾರೆ. ಅವರಿಗೂ ಇದು ಇರಲಿ.

ಮೊದಲು ಒಂದು ಮಾತು. ನೀನೇ ಸ್ಪ್ಯಾನರ್ ಹಿಡಿದದ್ದು ತಪ್ಪಲ್ಲ. ಕಂತು ಕಟ್ಟಬೇಕು, ಡೀಸೆಲ್ ಹಾಕಿಸಬೇಕು, ಬಾಡಿಗೆ ಏರುವುದಿಲ್ಲ; ಕೂಲಿ ಉಳಿದರೆ ಮನೆಗೆ ಆಯಿತು. ಗಾಡಿಯ ಒಳಗನ್ನು ಕೈಯಾರೆ ಮುಟ್ಟಿ ನೋಡಿದ ಡ್ರೈವರು ಅದನ್ನು ಓಡಿಸುವ ರೀತಿಯೇ ಬೇರೆ. ಆದರೆ ಬಿಚ್ಚುವುದನ್ನು ಕಲಿತವನು ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು. ನಿನ್ನೆ ನಿನ್ನಲ್ಲಿ ನನಗೆ ಕಂಡ ಕೊರತೆ ಅದೊಂದೇ.

ನಿನ್ನ ವಯಸ್ಸಿನಲ್ಲಿ ನಾನು ಒಂದು ಲಾರಿಗೆ ಕ್ಲಚ್ ಪ್ಲೇಟ್ ಹಾಕಿದ್ದೆ. ಗೇರ್‌ಬಾಕ್ಸ್ ಇಳಿಸಿ, ಏರಿಸಿ, ರಾತ್ರಿ ಹತ್ತಕ್ಕೆ ಮುಗಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೆಳಗಿಂದ ಗುಡ್ ಗುಡ್ ಅಂತ ಸದ್ದು. ಕ್ಲಚ್ ಬಿಟ್ಟರೆ ಇನ್ನೂ ಜೋರು. ಬೇರಿಂಗ್ ಹೋಯಿತು ಅಂತ ತೀರ್ಮಾನ ಮಾಡಿ ಆಯಿಲ್ ಚೇಂಬರ್ ಬಿಚ್ಚಿದೆ, ಬೇರಿಂಗ್ ಕ್ಯಾಪ್ ಬಿಚ್ಚಿದೆ. ಎಲ್ಲವೂ ಹೊಸದರ ಹಾಗೆ ಹೊಳೆಯುತ್ತಿತ್ತು. ಎರಡು ದಿನ ಹೋಯಿತು, ರೇಷ್ಮೆಗೂಡಿನ ಬಾಡಿಗೆ ಹೋಯಿತು. ಗೂಡು ಕಾಯುವುದಿಲ್ಲವಲ್ಲ, ದಿನ ಮೀರಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಮೂರನೇ ದಿನ ನನ್ನ ಮೇಸ್ತ್ರಿ ಬಂದರು. ಗಾಡಿ ಮುಟ್ಟಲಿಲ್ಲ. “ಕೊನೆಗೆ ಕೈ ಹಾಕಿದ್ದು ಎಲ್ಲಿ?” ಅಂದರು. “ಗೇರ್‌ಬಾಕ್ಸಿಗೆ” ಅಂದೆ. “ಹಾಗಾದರೆ ಇಂಜಿನ್ ಯಾಕೆ ಬಿಚ್ಚಿದೆ?” ಅಂದರು. ಕೆಳಗೆ ನುಗ್ಗಿ ನೋಡಿದರೆ ಗೇರ್‌ಬಾಕ್ಸ್ ಮೌಂಟಿಂಗಿನ ಒಂದು ಬೋಲ್ಟು ಕೈಯಲ್ಲೇ ತಿರುಗುತ್ತಿತ್ತು. ಕತ್ತಲಲ್ಲಿ ನಾನು ಟೈಟ್ ಮಾಡಲು ಮರೆತಿದ್ದ ಬೋಲ್ಟು ಅದು.

ಆ ಪ್ರಶ್ನೆಯನ್ನೇ ನಿನಗೆ ಕೊಡುತ್ತಿದ್ದೇನೆ. ರಿಪೇರಿಗೆ ಮುಂಚೆ ಇಲ್ಲದ ಸದ್ದು ರಿಪೇರಿ ಆದಮೇಲೆ ಬಂದರೆ, ನೂರಾರು ಭಾಗಗಳ ಇಂಜಿನ್ನಿನಲ್ಲಿ ಹುಡುಕಲು ಹೋಗಬೇಡ. ನಿನ್ನ ಕೈ ಹೋದ ದಾರಿಯಲ್ಲೇ ವಾಪಸ್ ನಡೆ.

ನಿನ್ನೆ ನಾವು ಮಾಡಿದ್ದು ಅದನ್ನೇ, ನೆನಪು ಮಾಡಿಕೋ. ಸದ್ದು ಎರಡಿತ್ತು, ಭಯದಲ್ಲಿ ನಿನಗೆ ಎರಡೂ ಕೂಡಿ ಒಂದೇ ಆಗಿ ಕೇಳಿಸುತ್ತಿತ್ತು. ಒಂದು ಕಿರ್ರ್ ಅನ್ನುವುದು, ಇನ್ನೊಂದು ಚಫ್ ಚಫ್ ಅನ್ನುವುದು. ಕಿರ್ರ್ ಅನ್ನುವುದಕ್ಕೆ ಬಾಟಲಿಯಿಂದ ಬೆಲ್ಟಿನ ಒಳಮೈಗೆ ಎರಡು ಹನಿ ನೀರು ಚಿಮುಕಿಸಿದೆ. ಸದ್ದು ಒಂದು ಗಳಿಗೆ ಬದಲಾಯಿತು. ಅಂದರೆ ಅದು ಬೆಲ್ಟಿನದು, ಬೇರಿಂಗಿನದಲ್ಲ. ಹೊಸ ಬೆಲ್ಟು ಸ್ವಲ್ಪ ಓಡಿದ ಮೇಲೆ ಎಳೆದುಕೊಳ್ಳುತ್ತದೆ, ಮತ್ತೊಮ್ಮೆ ಬಿಗಿ ಮಾಡಬೇಕು. ನಿನ್ನದರಂಥ ಹಳೇ ವಿ ಬೆಲ್ಟಾದರೆ ಎರಡು ಪುಲ್ಲಿ ನಡುವೆ ಹೆಬ್ಬೆರಳಲ್ಲಿ ಒತ್ತಿದಾಗ ಸುಮಾರು ಅರ್ಧ ಇಂಚು ತಗ್ಗಿದರೆ ಸಾಕು. ಅದಕ್ಕಿಂತ ಬಿಗಿದರೆ ಡೈನಮೋ, ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ.

ಚಫ್ ಚಫ್ ಅನ್ನುವುದಕ್ಕೆ ಕ್ಯಾಬಿನ್ ಎತ್ತಿಸಿ ನನ್ನ ಕೋಲು ತೆಗೆದೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರೊಬ್ಬರು ಲೇತಿನಲ್ಲಿ ಮಾಡಿಕೊಟ್ಟ ಆಲೆ ಮರದ ಒಂದೂವರೆ ಅಡಿ ಕೋಲು ಅದು. ಮರ ಹಸಿಯೋ ಒಣಗಿದೆಯೋ ಅಂತ ಅವರು ಉಳಿ ತಾಗಿದ ಸದ್ದಿನಲ್ಲೇ ಹೇಳುತ್ತಾರೆ. ನಮ್ಮದೂ ಅಂಥದೇ ಕಸುಬು. ಕೋಲಿನ ಒಂದು ತುದಿ ಇಂಜಿನ್ನಿನ ಮೈಗೆ, ಇನ್ನೊಂದು ತುದಿ ಕಿವಿಯ ಹಿಂದಿನ ಮೂಳೆಗೆ. ಒಂದೊಂದೇ ಸಿಲಿಂಡರಿನ ಹತ್ತಿರ ಇಟ್ಟು ಕೇಳುತ್ತಾ ಹೋದೆ. ಮೂರನೆಯದರಲ್ಲಿ ಸದ್ದು ಕಿವಿಗೆ ಹೊಡೆಯಿತು. ಟಾರ್ಚ್ ಬಿಟ್ಟರೆ ಆ ನೋಜಲ್ಲಿನ ಬುಡದ ಸುತ್ತ ಮಾತ್ರ ಹಸಿ ಹಸಿ ಕರಿ ಮಸಿ. ಆಗ ನಿನ್ನನ್ನು ಕೇಳಿದೆ: “ಹಳೇ ತಾಮ್ರದ ವಾಷರ್‌ಗಳು ಎಲ್ಲಿ?” ನೀನು ಜೇಬಿನಿಂದ ಪೇಪರ್ ಪೊಟ್ಟಣ ತೆಗೆದು ಅಂಗೈಗೆ ಸುರಿದೆ. ಮೂರಿದ್ದವು. ನಾಲ್ಕು ಸಿಲಿಂಡರಿನ ಗಾಡಿ! ನಾಲ್ಕನೆಯದು ಹೆಡ್ಡಿನೊಳಗೇ ಅಂಟಿಕೊಂಡಿತ್ತು, ಅದರ ಮೇಲೆ ನೀನು ಹೊಸದನ್ನು ಇಟ್ಟು ನೋಜಲ್ ಬಿಗಿದಿದ್ದೆ. ಎರಡರ ಮೇಲೆ ಕೂತ ನೋಜಲ್ ಸರಿಯಾಗಿ ಕೂರಲಿಲ್ಲ, ಸಂದಿನಿಂದ ಕಂಪ್ರೆಷನ್ ಹೊರಗೆ ಬೀಳುತ್ತಿತ್ತು. ಕ್ರ್ಯಾಂಕಿಗೆ ಏನೂ ಆಗಿರಲಿಲ್ಲ.

ಇನ್ನು ಮುಂದೆ ನೀನೇ ಪತ್ತೆ ಹಚ್ಚಬೇಕಲ್ಲ, ಅದಕ್ಕೆ ಮೂರು ಪ್ರಶ್ನೆ ಇಟ್ಟುಕೋ. ಸಂಕ್ರಾಂತಿ ಸುಮಾರಿಗೆ ಇದೇ ಕೆಂಗಲ್ ಬಯಲಿನಲ್ಲಿ ದನಗಳ ಜಾತ್ರೆ ನಡೆಯುತ್ತದೆ, ಚಿಕ್ಕವನಾಗಿದ್ದಾಗ ನಿಮ್ಮಪ್ಪನ ಜೊತೆ ಬಂದಿದ್ದೀಯ. ಹಳ್ಳಿಕಾರ್ ಜೋಡಿ ಕೊಳ್ಳುವ ರೈತ ಬರೀ ಹಲ್ಲು, ಸುಳಿ ನೋಡಿ ದುಡ್ಡು ಕೊಡುವುದಿಲ್ಲ, ನಡೆಸಿ ನೋಡುತ್ತಾನೆ. ಸದ್ದನ್ನೂ ಹಾಗೆ ನಡೆಸಿ ನೋಡಬೇಕು.

ಮೊದಲನೆಯದು, ಯಾವುದರ ಜೊತೆ ಏರುತ್ತದೆ? ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಆಕ್ಸಿಲೇಟರ್ ಒತ್ತು. ಸದ್ದು ಜೊತೆಗೇ ಏರಿದರೆ ಇಂಜಿನ್ ಕಡೆಯದು. ನಿಂತಾಗ ಇಲ್ಲದೆ ಓಡುವಾಗ ಮಾತ್ರ ಬಂದರೆ, ಒಂದೇ ವೇಗದಲ್ಲಿ ಮೂರನೇ ಗೇರಿನಲ್ಲಿ ಸ್ವಲ್ಪ, ನಾಲ್ಕನೇ ಗೇರಿನಲ್ಲಿ ಸ್ವಲ್ಪ ಓಡಿಸು. ಗೇರ್ ಬದಲಾದರೂ ಸದ್ದು ಬದಲಾಗದಿದ್ದರೆ ಅದು ಚಕ್ರ, ಹೌಸಿಂಗ್, ಇಲ್ಲವೇ ಉದ್ದ ಶಾಫ್ಟಿನದು.

ಎರಡನೆಯದು, ಯಾವಾಗ ಬರುತ್ತದೆ? ಬೆಳಗಿನ ತಣ್ಣನೆ ಇಂಜಿನ್ನಿನಲ್ಲಿ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ಅಡಗಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ನೋಡು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಏರು ಹತ್ತುವಾಗ ಮಾತ್ರ ಸುಯ್ ಅಂದು, ಪಿಕಪ್ ಇಲ್ಲದೆ ಕರಿ ಹೊಗೆ ಬಂದರೆ ಟರ್ಬೋ ಪೈಪಿನ ಕ್ಲಿಪ್ಪು ಸಡಿಲ. ಕ್ಲಚ್ ತುಳಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್. ತುಳಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್. ಟ್ಯಾಪೆಟ್ಟಿನ ಸದ್ದಿಗೆ ತನ್ನದೇ ತಾಳ ಇದೆ. ಒಂದು ವಾಲ್ವು ತೆರೆಯುವುದು ಇಂಜಿನ್ ಎರಡು ಸುತ್ತಿಗೆ ಒಂದು ಸಲ. ಐಡಲಿಂಗ್‌ನಲ್ಲಿ ನಿಮಿಷಕ್ಕೆ 700 ಸುತ್ತು ಅಂತಿದ್ದರೆ ಅದು 350 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು ಆರು. ಫ್ಲೈವೀಲಿನಲ್ಲೋ ಪುಲ್ಲಿಯಲ್ಲೋ ತಾಗುವ ಸದ್ದು ಅದರ ಎರಡರಷ್ಟು ಬೇಗ ಬರುತ್ತದೆ. ಕಿವಿಗೆ ರೂಢಿಯಾದರೆ ಇದು ಎಣಿಸದೆಯೇ ಗೊತ್ತಾಗುತ್ತದೆ.

ಮೂರನೆಯದು, ಎಲ್ಲಿಂದ ಬರುತ್ತದೆ? ಕೋಲಿಲ್ಲದಿದ್ದರೆ ಉದ್ದ ಸ್ಕ್ರೂ ಡ್ರೈವರ್ ಸಾಕು. ಆದರೆ ಹೆಗಲ ಮೇಲಿನ ಟವೆಲ್ ತೆಗೆದಿಡು, ತೋಳು ಮಡಚು, ಫ್ಯಾನ್ ಮುಂದೆ ಬಗ್ಗಬೇಡ. ಬೆಲ್ಟಿನ ಕಡೆ ಅನುಮಾನವಿದ್ದರೆ ಇಂಜಿನ್ ಆಫ್ ಮಾಡಿ ಬೆಲ್ಟ್ ತೆಗೆದು, ಅರ್ಧ ನಿಮಿಷಕ್ಕಿಂತ ಕಡಿಮೆ ಸ್ಟಾರ್ಟ್ ಮಾಡಿ ನೋಡು. ಸದ್ದು ನಿಂತರೆ ಅದು ಡೈನಮೋ, ವಾಟರ್ ಪಂಪ್ ಕಡೆಯದು. ನೀರು ಸುತ್ತದೆ ಇಂಜಿನ್ ಕಾಯುವುದರಿಂದ ಹೆಚ್ಚು ಹೊತ್ತು ಬಿಡಬೇಡ.

ಫಿಲ್ಟರ್ ಬದಲಾಯಿಸಿದ ಮೇಲೆ ಇಂಜಿನ್ ಒಂದು ಸಲ ಏರಿ ಒಂದು ಸಲ ಇಳಿದು ಕಟಕಟ ಅಂದರೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿದೆ. ಹ್ಯಾಂಡ್ ಪಂಪ್ ಹೊಡೆದು, ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಏರ್ ತೆಗೆ. ಆಯಿಲ್ ಫಿಲ್ಟರ್ ತೆಗೆದಾಗ ಹಳೇ ರಬ್ಬರ್ ವಾಷರ್ ಇಂಜಿನ್ನಿಗೆ ಅಂಟಿಕೊಂಡು ಉಳಿದಿದೆಯಾ ನೋಡು. ಅದರ ಮೇಲೆ ಹೊಸ ಫಿಲ್ಟರ್ ಬಿಗಿದರೆ ದಾರಿಯಲ್ಲಿ ಆಯಿಲ್ ಪೂರ್ತಿ ಚೆಲ್ಲುತ್ತದೆ. ಉದ್ದ ಶಾಫ್ಟ್ ಬಿಚ್ಚುವ ಮುಂಚೆ ಎರಡೂ ತುಂಡಿಗೆ ಸುಣ್ಣದಲ್ಲೋ ಪೇಂಟಿನಲ್ಲೋ ಗುರುತು ಹಾಕು. ಗುರುತು ತಪ್ಪಿ ಕೂರಿಸಿದರೆ ಗಾಡಿ ಪೂರ್ತಿ ನಡುಗುತ್ತದೆ.

ಈಗ ಹೇಳುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೋ. ನಿನ್ನದು ಹಳೇ ಪಂಪಿನ ಗಾಡಿ. ಅದರಲ್ಲಿ ಒಂದೊಂದೇ ನೋಜಲ್ ಪೈಪಿನ ನಟ್ಟು ಸ್ವಲ್ಪ ಸಡಿಲಿಸಿ, ಯಾವ ಸಿಲಿಂಡರಿನ ಸದ್ದು ಅಂತ ಕಂಡುಹಿಡಿಯುವ ಪದ್ಧತಿ ಮೊದಲಿನಿಂದ ಇದೆ. ನಾಳೆ ಹೊಸ ಗಾಡಿ ತೆಗೆದುಕೊಂಡರೆ ಈ ಕೆಲಸ ಕನಸಿನಲ್ಲೂ ಮಾಡಬೇಡ. ಕಾಮನ್ ರೈಲ್ ಇಂಜಿನ್ನಿನಲ್ಲಿ ಡೀಸೆಲ್ ಒತ್ತಡ 1000 ಬಾರ್ ದಾಟುತ್ತದೆ. ಸೂಜಿಯಂಥ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಚುಕ್ಕೆಯಷ್ಟೇ ಗಾಯ ಕಾಣುತ್ತದೆ, ಕೈ ಕಳೆದುಕೊಂಡವರಿದ್ದಾರೆ. ಹಾಗೇನಾದರೂ ತಾಗಿದರೆ ನೋವಿಲ್ಲ ಅಂತ ಸುಮ್ಮನಿರಬೇಡ, ತಕ್ಷಣ ದೊಡ್ಡಾಸ್ಪತ್ರೆಗೆ ಓಡು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸೆನ್ಸರುಗಳೂ ಜಾಸ್ತಿ. ಅಲ್ಲಿ ಸ್ಕ್ಯಾನರ್ ಹಾಕಿಸಿ ನೋಡುವುದೇ ದಾರಿ.

ಇನ್ನು ಕೆಲವು ಸದ್ದಿಗೆ ಪತ್ತೆಯ ಮಾತೇ ಇಲ್ಲ, ಕೂಡಲೇ ಇಂಜಿನ್ ಆಫ್. ಆಯಿಲ್ ಲೈಟು ಉರಿಯುತ್ತಾ ತಳದಿಂದ ಗುಡುಗಿನ ಹಾಗೆ ಬಡಿತ ಬಂದರೆ ನಿಲ್ಲಿಸು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ ನಿಲ್ಲಿಸು. ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಎರಡು ಬೆರಳ ನಡುವೆ ತಿಕ್ಕಿ ಬೆಳಕಿಗೆ ಹಿಡಿದಾಗ ಮಿಣಮಿಣ ಪುಡಿ ಕಂಡರೆ ಮತ್ತೆ ಸ್ಟಾರ್ಟ್ ಮಾಡಲೇಬೇಡ. “ಲೋಡ್ ಇಳಿಸಿ ಆಮೇಲೆ ನೋಡ್ತೀನಿ” ಅನ್ನಬೇಡ. ಒಂದು ಲೋಡು ಮಾವಿಗೆ ಬೇರೆ ಗಾಡಿ ಸಿಗುತ್ತದೆ. ಸಾಲ ತೀರದ ಗಾಡಿಗೆ ಇನ್ನೊಂದು ಇಂಜಿನ್ ಎಲ್ಲಿಂದ ತರುತ್ತೀಯ?

ರಿಪೇರಿ ಆದಮೇಲೆ ಟ್ರಯಲ್ ನೋಡುವ ಜಾಗವೂ ಮುಖ್ಯ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ನಮ್ಮ ಕೆಂಗಲ್ಲನ್ನು ಬೈಪಾಸಿನಲ್ಲಿ ಬಿಟ್ಟು ಹೋಯಿತು. ಬೇಗ ಹೋಗಲು ಅದು ಸರಿ, ಅನುಮಾನದ ಗಾಡಿಗೆ ಅದು ಜಾಗವಲ್ಲ. ಅಲ್ಲಿ ಕೆಟ್ಟು ನಿಂತ ಗಾಡಿಗೆ ಹಿಂದಿನಿಂದ ಬರುವವರ ವೇಗವೇ ಶತ್ರು. ರಾಮನಗರ, ಚನ್ನಪಟ್ಟಣದ ನಡುವಿನ ಹಳೇ ರಸ್ತೆಯಲ್ಲಿ ಖಾಲಿ ಗಾಡಿಯನ್ನು ಹಗಲು ಹೊತ್ತು ಹತ್ತು ಕಿಲೋಮೀಟರ್ ಓಡಿಸು. ಕಿಟಕಿ ಇಳಿಸು, ಹಾಡು ಆಫ್ ಮಾಡು, ವಾಪಸ್ ಬಂದು ಪ್ರತಿ ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕು. ಗುಡಿಯ ಮುಂದೆ ತೆಂಗಿನಕಾಯಿ ಒಡೆ, ನಾನೂ ಜೀವಮಾನ ಪೂರ್ತಿ ಒಡೆದಿದ್ದೇನೆ. ಆದರೆ ನಟ್ಟು ಬಿಗಿದಮೇಲೆ ಒಡೆ.

ಫೋನಿನಲ್ಲಿ ವೀಡಿಯೊ ನೋಡಿ ಕಲಿಯುವುದು ಒಳ್ಳೆಯದೇ. ಆದರೆ ಅದು ಬೇರೆ ಯಾರದೋ ಗಾಡಿ. ಎಷ್ಟು ಬಿಗಿಯಬೇಕು, ಟ್ಯಾಪೆಟ್ ಸಂದು ಎಷ್ಟಿರಬೇಕು ಅನ್ನುವುದಕ್ಕೆ ನಿನ್ನ ಗಾಡಿಯ ಪುಸ್ತಕ ನೋಡು, ಅಂದಾಜಿಗೆ ಬಿಡಬೇಡ. ಕೆಲಸಕ್ಕೆ ಕೂರುವ ಮುಂಚೆ ಒಂದು ಸ್ಟೀಲ್ ತಟ್ಟೆ ಇಟ್ಟುಕೋ. ಬಿಚ್ಚಿದ್ದನ್ನು ಬಿಚ್ಚಿದ ವರಸೆಯಲ್ಲೇ ಅದರಲ್ಲಿ ಜೋಡಿಸು. ಹಳೇ ವಾಷರ್ ಎಷ್ಟು ಬಂದವು, ಹೊಸವು ಎಷ್ಟು ಹೋದವು, ಎಣಿಸು. ಲೆಕ್ಕ ಕೂಡದಿದ್ದರೆ ಸೆಲ್ಫ್ ಹೊಡೆಯಬೇಡ. ನಿನ್ನೆ ಆ ಮೂರು ವಾಷರನ್ನು ಮನೆಯಲ್ಲೇ ಎಣಿಸಿದ್ದರೆ ಕೆಂಗಲ್ಲಿನಲ್ಲಿ ನಿಲ್ಲುವ ಪ್ರಮೇಯವೇ ಇರಲಿಲ್ಲ.

ಇನ್ನೊಂದು ವಿಷಯ. ರಾತ್ರಿ ನಾನು ಮನೆಗೆ ಬಂದಮೇಲೆ ನೀನು ಆಲೆ ಮರದ ಕೋಲು ನಿನ್ನ ಕ್ಯಾಬಿನ್ನಿನಲ್ಲೇ ಉಳಿಯಿತು ಅಂತ ಫೋನ್ ಮಾಡಿ, ವಾಪಸ್ ತರ್ತೀನಿ ಅಂದೆಯಲ್ಲ. ಮರೆತು ಬಿಟ್ಟದ್ದಲ್ಲ ಮಗಾ, ನಾನೇ ಸೀಟಿನ ಹಿಂದೆ ಇಟ್ಟು ಬಂದೆ. ಅದು ಅಲ್ಲೇ ಇರಲಿ. ಗಾಡಿ ಸರಿಯಾಗಿ ಓಡುವ ದಿನಗಳಲ್ಲೂ ಆಗಾಗ ಇಂಜಿನ್ನಿಗೆ ಇಟ್ಟು ಕೇಳುತ್ತಿರು. ಚೆನ್ನಾಗಿರುವಾಗಿನ ಸದ್ದು ಗೊತ್ತಿದ್ದವನಿಗೆ ಕೆಟ್ಟಾಗಿನ ಸದ್ದು ತಾನಾಗೇ ಗೊತ್ತಾಗುತ್ತದೆ.